ಓಣಿಯ ನಾಲಿಗೆ

ಫೆಬ್ರವರಿ 2, ರವಿವಾರ, ಬೆಳಿಗ್ಗೆ

ತಪ್ಪೊಪ್ಪಿಗೆ. ಹಳಿಯಾಳದ ಕಾಲೇಜಿನಲ್ಲಿ ಕನ್ನಡ ಕಲಿಸುವ ನಾನು, ಪೂರ್ಣ ಎಚ್ಚರದಲ್ಲಿ, ಯಾರ ಒತ್ತಡವೂ ಇಲ್ಲದೆ, ಹೆಂಡತಿಯ ಡಬ್ಬಿಯಿಂದ ಕಲ್ಲುಸಕ್ಕರೆ ಕದ್ದಿದ್ದೇನೆ. ಒಂದು ಹರಳು. ದ್ರಾಕ್ಷಾಯಣಿಗೆ ಬಾಯಿ ಒಣಗುತ್ತದಂತೆ, ಉರಿಯುತ್ತದಂತೆ. ‘ಉಷ್ಣ ಆಗೇತ್ರಿ’ ಎಂದು ದಿನವಿಡೀ ಚೀಪುತ್ತಾಳೆ. ನನ್ನ ಹಲ್ಲಿಗೇನು ಭಯ? ಐವತ್ತೇಳರಲ್ಲೂ ಕಬ್ಬನ್ನು ಹಲ್ಲಿನಿಂದಲೇ ಸುಲಿಯುವವನು. ಓಣಿಗೆಲ್ಲ ಹೇಳಿದ್ದೇನೆ.

ಇವತ್ತು ರಂಜಕದ ಚಟ್ನಿ ಅರೆಯುವ ದಿನ. ಕೆಂಪು ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ನಿಂಬೆ... ಓಣಿಯ ಹೆಂಗಸರೆಲ್ಲ ನಮ್ಮ ಅಂಗಳದಲ್ಲಿ. ದ್ರಾಕ್ಷಾಯಣಿ ನಾಲಿಗೆಗೆ ಹಚ್ಚಿ ‘ಹೂಂ’ ಎನ್ನದೆ ಯಾರ ಭರಣಿಯೂ ಮುಚ್ಚುವುದಿಲ್ಲ. ಈ ಸಲ ದಾಂಡೇಲಿಯಲ್ಲಿ ಮಾರಾಟಕ್ಕೂ ಇಡುತ್ತಾರಂತೆ. ಎಲ್ಲರ ಮುಖ ಮೆಣಸಿನಕಾಯಿಯಷ್ಟೇ ಕೆಂಪು.

ಅದೇ ದಿನ, ಸಂಜೆ

ಅನಾಹುತ. ದ್ರಾಕ್ಷಾಯಣಿ ರುಚಿ ನೋಡಿ ‘ಉಪ್ಪು ಸಾಲದು’ ಎಂದಳು. ಹಾಕಿದರು. ಮತ್ತೆ ‘ಸಾಲದು’. ಕೊನೆಗೆ ಪಕ್ಕದ ಮನೆಯ ತಾಯವ್ವ ನಾಲಿಗೆಗೆ ಹಚ್ಚಿ ಕಣ್ಣು ಮುಚ್ಚಿದಳು.

“ದ್ರಾಕ್ಷಾಣಿ, ಉಣ್ಣಾಕ ಮಾಡೇವೋ, ಕಾಳಿ ಹೊಳಿಗೆ ಸುರುವಿ ಸಮುದ್ರ ಮಾಡಾಕೋ?”

ಎಲ್ಲರೂ ನಕ್ಕರು. ಇವಳೂ ನಕ್ಕು ಒಳಗೆ ಹೋದಳು. ನಾನು ಹಿಂದೆಯೇ ಹೋಗಿ, “ಒಣದ್ರಾಕ್ಷಿ ಆದಿ ನೋಡು” ಎಂದೆ. ನಗಲಿಲ್ಲ.

“ಮುಂದಿನ ರವಿವಾರ ಮತ್ತ ಅರದಾಗ ರುಚಿ ತಾಯವ್ವನ ನೋಡ್ಲಿ. ನನ್ನ ನಾಲಿಗಿ ಸತ್ತೈತ್ರಿ.”

ಇನ್ನೊಂದು ಶ್ಲೇಷೆ ಹೊಳೆದಿತ್ತು, ಬಿಟ್ಟುಬಿಟ್ಟೆ.

ಫೆಬ್ರವರಿ 5

ಅವಳ ಬ್ರಶ್ಶಿನ ಮೇಲೆ ರಕ್ತ ಕಂಡೆ. ರಜೆ ಹಾಕಿದೆ. ಬಸ್ಸು ಹತ್ತಿ ದಾಂಡೇಲಿ. ಅಲ್ಲಿ ಹಲ್ಲಿನ ಡಾಕ್ಟರ್ ಶಬಾನಾ, ನನ್ನ ಹಳೆಯ ವಿದ್ಯಾರ್ಥಿನಿ.

“ಕಾಕೂ, ಮುಟ್ಟು ನಿಂತು ಎಷ್ಟ ದಿನ ಆತ್ರಿ?”

ದ್ರಾಕ್ಷಾಯಣಿ ನನ್ನನ್ನು ನೋಡಿದಳು. ನಾನು ಗೋಡೆಯ ಮೇಲಿನ ದೊಡ್ಡ ಹಲ್ಲಿನ ಚಿತ್ರ ನೋಡಿದೆ.

“ಎರಡು ವರ್ಷ ಆಗಾಕ ಬಂತು. ಬಾಯಿಗೂ ಅದಕ್ಕೂ ಏನವ್ವಾ ಸಂಬಂಧ?”

“ಭಾಳ ಐತ್ರಿ. ಹಾರ್ಮೋನು ಇಳದ್ರ ಕೆಲವರಿಗೆ ಜೊಲ್ಲು ಕಡಿಮಿ ಆಕ್ಕೈತಿ. ಬಾಯಿ ಉರೀತೈತಿ, ರುಚಿ ಮಂಕಾಕ್ಕೈತಿ, ವಸಡು ನಾಜೂಕ ಆಕ್ಕಾವು. ನಾಲಿಗಿ ಸತ್ತಿಲ್ರಿ ಕಾಕೂ. ನೀರಡಿಸೈತಿ.”

ಮುಟ್ಟು ನಿಂತ ಮೇಲೆ ಬಾಯಿಗೆ ಏನು ಮುಟ್ಟಿದರೂ ಉರಿ — ಇಷ್ಟು ದಿನ ಈ ಶ್ಲೇಷೆ ಹೊಳೆಯದ ನಾನೆಂಥ ಪಂಡಿತ!

ಕಲ್ಲುಸಕ್ಕರೆಯ ಸುದ್ದಿ ಕೇಳಿ ಶಬಾನಾ ಹಣೆ ಬಡಿದುಕೊಂಡಳು. “ಜೊಲ್ಲಿಲ್ಲದ ಬಾಯಾಗ ಸಕ್ಕರಿ ಕುಂದ್ರಿಸಿದ್ರ ಹುಳುಕು ಬರದ ಇರತೈತೇನ್ರಿ?” ಎರಡು ದವಡೆಹಲ್ಲಿಗೆ ಫಿಲ್ಲಿಂಗ್. ಸಕ್ಕರೆ ಬಂದ್. ಆಗಾಗ ಗುಟುಕು ನೀರು. ರುಚಿ ನೋಡುವ ಮೊದಲು ಬಾಯಿ ತೊಯ್ಸಿಕೊಳ್ಳಬೇಕು. ಥೈರಾಯ್ಡ್, ಶುಗರ್ ಪರೀಕ್ಷೆ. ಹೆಂಗಸರ ಡಾಕ್ಟರಿಗೊಂದು ಚೀಟಿ.

ವಾಪಸು ಬಸ್ಸಿನಲ್ಲಿ ಪಕ್ಕದ ಸೀಟಿನ ಅಪರಿಚಿತ ಹೆಂಗಸಿಗೂ ಹೇಳಿದಳು — “ಸತ್ತಿಲ್ಲಂತ್ರಿ!” ಆಕೆ ಗಾಬರಿಯಾಗಿ, ಯಾರು ಎಂದಳು.

ಫೆಬ್ರವರಿ 9, ರವಿವಾರ

ರಂಜಕ, ಎರಡನೇ ಸಲ. ರುಚಿ ನೋಡಲು ತಾಯವ್ವ ಬೆರಳು ಚಾಚಿದ್ದಳು. ದ್ರಾಕ್ಷಾಯಣಿ ತಂಬಿಗೆಯೊಂದಿಗೆ ಬಂದಳು. ಬಾಯಿ ಮುಕ್ಕಳಿಸಿದಳು. ನಾಲಿಗೆಗೆ ಹಚ್ಚಿದಳು.

“ಉಪ್ಪು ಸಾಕು. ನಿಂಬಿ ಹಿಂಡ್ರಿ. ಯಾರದಿದು ಹಳೇ ಬೆಳ್ಳುಳ್ಳಿ?”

ತಾಯವ್ವ ಸೀರೆಯ ಸೆರಗನ್ನು ತುಂಬ ಆಸಕ್ತಿಯಿಂದ ನೋಡತೊಡಗಿದಳು. ಭರಣಿಗಳು ಮುಚ್ಚಿದವು. ಉರಿ ಪೂರ್ತಿ ಹೋಗಿಲ್ಲ. ಆದರೆ ನಾಲಿಗೆ ಗದ್ದುಗೆಗೆ ಮರಳಿತು! ಆಮೇಲೆ ತಾಯವ್ವ ಇವಳ ಕಿವಿಯಲ್ಲಿ, “ನನಗೂ ರಾತ್ರಿ ಬಾಯಿ ಒಣಗತೈತಿ... ಆ ಡಾಕ್ಟರ್‌ಬಾಯಿ ಹೆಸರೇನವಾ?” ಓಣಿಯ ಮಾಲವ್ವ, ದುರ್ಗವ್ವರಿಗೂ ಅದೇ ಕತೆ. ನಾಳೆ ಒಂದು ಟಂಟಂ ರಿಕ್ಷಾ ತುಂಬ ಹೆಂಗಸರು ದಾಂಡೇಲಿಗೆ.

ಖುಷಿಗೆ ಅಂಗಳದಲ್ಲೇ ಘೋಷಿಸಿದೆ: ನನಗೆ ಮುಟ್ಟೂ ಇಲ್ಲ, ಹುಳುಕೂ ಇಲ್ಲ. ಕಬ್ಬು ತರಿಸಿ ಎಲ್ಲರೆದುರು ಕಚ್ಚಿದೆ.

ಫೆಬ್ರವರಿ 10, ಕ್ಲಿನಿಕ್ಕಿನ ಬೆಂಚು

ನಿನ್ನೆ ‘ಕಟ್’ ಎಂದದ್ದು ಕಬ್ಬಲ್ಲ. ದವಡೆಹಲ್ಲಿನ ಅರ್ಧ.

ಶಬಾನಾ ಟಾರ್ಚ್ ಬಿಟ್ಟು ನೋಡಿದಳು. “ಸರ್, ಮೂರು ಹುಳುಕು ಅದಾವ್ರಿ. ನಿಮಗ ಜೊಲ್ಲು ಬೇಕಾದಷ್ಟು ಐತಿ. ಮತ್ತ ಇದು ಹೆಂಗ?”

ಬೆಂಚಿನಿಂದ ತಾಯವ್ವ: “ಮಾಸ್ತರಗೂ ನಿಂತತೇನ?”

ಬೆಂಚಿಗೆ ಬೆಂಚೇ ನಕ್ಕಿತು. ದ್ರಾಕ್ಷಾಯಣಿ ಮಾತ್ರ ನನ್ನನ್ನೇ ನೋಡುತ್ತ, “ಡಬ್ಬಿ ಅಷ್ಟ ಲಗೂ ಹೆಂಗ ಖಾಲಿ ಆಗತಿತ್ತು ಅಂತೇನಿ” ಎಂದಳು.

ಇಂಜೆಕ್ಷನ್ನಿಗೆ ಮುಖ ಅರ್ಧ ಮರಗಟ್ಟಿದೆ. ಬಾಯಿಂದ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ಮೊದಲ ದಿನ ‘ಒಂದು ಹರಳು’ ಎಂದು ಬರೆದದ್ದು ಸುಳ್ಳು. ವೈದ್ಯೆ ಸಕ್ಕರೆ ಬಂದ್ ಮಾಡಿದ ಮೇಲೆ ಆ ಡಬ್ಬಿಯನ್ನು ದ್ರಾಕ್ಷಾಯಣಿ ಮುಟ್ಟಿಲ್ಲ. ತಳ ಕಾಣಿಸಿದ್ದು ನಾನೇ. ಈಗಲೂ ಅಂಗಿಯ ಜೇಬಿನಲ್ಲಿ...