ಶಾಕಂಬರಿ ಕಂದಗಲ್ಲ ಮತ್ತು ಖುದ್ದು ಹಾಜರಿ ಮಸೂದೆ

ಹುನಗುಂದ, 2187ನೇ ಇಸವಿ, ಎರಡನೇ ಬೇಸಿಗೆಯ ಮೂವತ್ತನಾಲ್ಕನೆಯ ದಿನ

ನೂರಾ ಅರವತ್ತು ವರ್ಷಗಳ ಹಿಂದಿನ ಹಿರಿಯರಿಗೆ,

ಈ ತಾರೀಖನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ನಮಗೆ ವರ್ಷಕ್ಕೆ ಎರಡು ಬೇಸಿಗೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಾನು ಇಲ್ಲಿನ ಧ್ವನಿಮನೆಯ ಪಾಲಕಿ. ಧ್ವನಿಮನೆ ಎಂದರೆ ಹಿಂದಿನವರ ಭಾಷಣ, ಹರಟೆ, ಜಗಳ ಎಲ್ಲವನ್ನೂ ಜೋಪಾನವಾಗಿಟ್ಟು, ಕೇಳಬಯಸುವವರಿಗೆ ಕೇಳಿಸುವ ಜಾಗ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ನಮ್ಮಲ್ಲಿ ನೆರಳುಹೊತ್ತು. ಆ ಹೊತ್ತಿನಲ್ಲಿ ಯಾರೂ ಬೀದಿಗಿಳಿಯುವಂತಿಲ್ಲ, ದನಗಳನ್ನೂ ನೆಲಮಾಳಿಗೆಯಲ್ಲೇ ಕಟ್ಟುತ್ತೇವೆ. ಶಾಲೆ, ಸಂತೆ, ಪಂಚಾಯಿತಿ ಎಲ್ಲವೂ ನಸುಕಿನಲ್ಲೇ ಮುಗಿಯುತ್ತವೆ. ಹತ್ತಕ್ಕೆ ಮೊದಲೇ ಅರ್ಧ ಊರು ಬುತ್ತಿ ಕಟ್ಟಿಕೊಂಡು ಇಲ್ಲಿಗೆ ಬಂದು, ಸಜ್ಜೆ ರೊಟ್ಟಿ ತಿನ್ನುತ್ತ ಸತ್ತವರ ಮಾತು ಕೇಳುತ್ತ ಕೂರುತ್ತದೆ. ಇದಕ್ಕೆಲ್ಲ ನಾವು ಒಗ್ಗಿಕೊಂಡಿದ್ದೇವೆ. ಬಿಸಿಲಿನ ಮೇಲೆ ದೂರು ಹೇಳಲು ನಾನು ಕೂತಿಲ್ಲ. ನನ್ನ ಸಿಟ್ಟು ಬೇರೆಯದು.

ಮಕ್ಕಳಿಗಾಗಿ ಶಾಕಂಬರಿ ಕಂದಗಲ್ಲರ ಮೇಲೆ ಎರಡು ಪುಟದ ಪಾಠ ಬರೆದುಕೊಡಿ ಎಂದು ಶಾಲೆಯವರು ಕೇಳಿದರು. ಹದಿನಾಲ್ಕು ವರ್ಷ ಲೋಕಸಭೆಯಲ್ಲಿದ್ದ ಹೆಂಗಸು, ಸಾಮಗ್ರಿಗೇನು ಕೊರತೆ ಎಂದುಕೊಂಡೆ. ಕಪಾಟು ತೆಗೆದು ನೋಡಿದರೆ ತಲೆ ಚಚ್ಚಿಕೊಳ್ಳುವಂತಾಯಿತು. ಅವರು ಉಟ್ಟ ಇಳಕಲ್ ಸೀರೆಗಳ ಬಗ್ಗೆ ನಲವತ್ತೊಂದು ತಾಸಿನ ಚಿತ್ರಗಳಿವೆ. ದಿಲ್ಲಿಯಲ್ಲಿ ರೊಟ್ಟಿ ಯಾರು ಬಡಿಯುತ್ತಾರೆ ಎಂದು ಕೇಳಿದ ಸಂದರ್ಶನಗಳು ಹತ್ತೊಂಬತ್ತು. ಅವರು ಸದನದಲ್ಲಿ ಆಡಿದ ಮಾತು ಉಳಿದಿರುವುದು ಆರು ನಿಮಿಷ. ಆ ಆರು ನಿಮಿಷದಲ್ಲೂ ಎರಡು ನಿಮಿಷ ಬರೀ ಮಾತು ಮುಗಿಸಿ ಎಂದು ಸಭಾಧ್ಯಕ್ಷರು ಗಂಟೆ ಬಾರಿಸುವ ಸದ್ದು! ಇವನ್ನೆಲ್ಲ ಆರಿಸಿ ಕೂಡಿಟ್ಟವರು ನಿಮ್ಮ ಮಕ್ಕಳು, ಮೊಮ್ಮಕ್ಕಳು. ಅವರಿಗೆ ಏನನ್ನು ಇಡಬೇಕೆಂದು ಕಲಿಸಿದವರು ನೀವು. ನೀವು ಇದನ್ನು ಓದುವ ಹೊತ್ತಿಗೆ ಶಾಕಂಬರಿಗೆ ಹತ್ತೋ ಹನ್ನೊಂದೋ ವರ್ಷ. ನೂಲಿನಾಳವೆಂಬ ನೇಕಾರರ ಊರಲ್ಲಿ ಅವ್ವನ ಮಗ್ಗದ ಪಕ್ಕ ಕೂತು ನೂಲಿನ ಕಂಡಿಕೆ ಸುತ್ತುತ್ತಿದ್ದಾರೆ.

ಪುಣ್ಯಕ್ಕೆ ಅವರ ಗಂಡ ಕಳಕಪ್ಪನವರು ಮುಪ್ಪಿನಲ್ಲಿ ಮೊಮ್ಮಗಳೆದುರು ಎಲ್ಲವನ್ನೂ ಹೇಳಿಕೊಂಡಿದ್ದಾರೆ, ಆ ಧ್ವನಿ ನಮ್ಮಲ್ಲಿದೆ. ತಮ್ಮ ತಪ್ಪನ್ನೂ ಅವರು ಮುಚ್ಚಿಟ್ಟಿಲ್ಲ. ಶಾಕಂಬರಿ ಇಪ್ಪತ್ತನಾಲ್ಕನೇ ವಯಸ್ಸಿಗೆ ಪಂಚಾಯಿತಿ ಸದಸ್ಯೆಯಾದರು. ಸೀಟು ಹೆಂಗಸರಿಗೆ ಮೀಸಲಾಗಿತ್ತು, ಅಷ್ಟೇ ಕಾರಣ. ಹೆಸರು ಹೆಂಡತಿಯದು, ಸಭೆಗೆ ಹೋಗಿ ಕೂರುವುದು ಗಂಡ. ಹೀಗೆ ಒಂದೂವರೆ ವರ್ಷ ನಡೆಯಿತು. ಒಂದು ದಿನ ಕಳಕಪ್ಪ ಎಂದಿನಂತೆ ಸಹಿಗೆ ಕಾಗದ ತಂದರು. ಅಂದು ಶಾಕಂಬರಿ ಅದನ್ನು ಓದಿದರು. ನೇಕಾರರ ಓಣಿಯ ನಲ್ಲಿಯನ್ನು ಕಿತ್ತು ಅಧ್ಯಕ್ಷರ ಮನೆಯ ಮುಂದೆ ಹಾಕುವ ಠರಾವು ಅದು. ತಾವು ದಿನಾ ನೀರು ಹಿಡಿಯುವ ನಲ್ಲಿಯನ್ನೇ ಕೀಳಲು ತಾವೇ ಒಪ್ಪಿದಂತೆ ಬರೆದಿತ್ತು.

ಮಗ್ಗದಿಂದೆದ್ದು ನೆಟ್ಟಗೆ ಪಂಚಾಯಿತಿಗೆ ನಡೆದರು. ಕಾರ್ಯದರ್ಶಿ ಕೆಟ್ಟವನೇನಲ್ಲ. ನಗುತ್ತಲೇ ಕೇಳಿದ: "ಅಕ್ಕಾರ, ಯಜಮಾನ್ರು ಬರ್ಲಿಲ್ಲೇನ್ರಿ?"

"ಅವ್ರಿಗೆ ಯಾರು ಓಟ್ ಹಾಕ್ಯಾರ್ರೀ?"

"ಹಂಗಲ್ರೀ ಅಕ್ಕಾರ. ನೀವು ಹೊರಗ ಬಾಕಿನ ಮ್ಯಾಲ ಕುಂಡ್ರಿ, ಚಾ ತರಸ್ತೀನಿ. ಅವ್ರು ಬರ್ಲಿ, ಸಭಾ ಚಾಲೂ ಮಾಡೂಣು."

"ಚಾ ಬ್ಯಾಡ. ನನ್ ಕುರ್ಚಿ ಯಾವುದು ತೋರಸ್ರಿ."

ತೋರಿಸಿದ. ಕೂತರು. ಸ್ವಲ್ಪ ಹೊತ್ತಿಗೆ ಕಳಕಪ್ಪ ಬಂದು ಬಾಗಿಲಲ್ಲಿ ನಿಂತರು. ಒಳಗೆ ಖಾಲಿ ಕುರ್ಚಿ ಇರಲಿಲ್ಲ. ಎಲ್ಲರೂ ತಲೆ ತಗ್ಗಿಸಿ ಕಾಗದ ನೋಡುತ್ತಿದ್ದರು. ಕಳಕಪ್ಪ ಹಾಗೇ ತಿರುಗಿ ಮನೆಗೆ ಹೋದರು. ನಲ್ಲಿ ಓಣಿಯಲ್ಲೇ ಉಳಿಯಿತು. ಐದನೇ ದಿನ ಊಟಕ್ಕೆ ಕೂತಾಗ ಕಳಕಪ್ಪ ತಟ್ಟೆಯಿಂದ ತಲೆಯೆತ್ತದೆ ಕೇಳಿದರಂತೆ: "ಮುಂದಿನ ಸಭಾ ಎಷ್ಟಕ್ಕೈತಿ? ಅಷ್ಟೊತ್ತಿಗೆ ಕೂಸಿನ್ನ ನಾ ನೋಡ್ಕೋತೀನಿ."

ಮೂವತ್ತೊಂಬತ್ತಕ್ಕೆ ಶಾಕಂಬರಿ ಲೋಕಸಭೆಗೆ ಆರಿಸಿ ಬಂದರು. ನೇಯ್ಗೆ ಮಾಡುತ್ತಿದ್ದ ಹೆಂಗಸು ಈ ಭಾಗದಿಂದ ಅಲ್ಲಿಗೆ ಹೋದದ್ದು ಅದೇ ಮೊದಲು. ಅವರು ಕೇಳಿದ್ದು ಒಂದೇ ಕಾನೂನು. ಅದಕ್ಕೆ ಖುದ್ದು ಹಾಜರಿ ಮಸೂದೆ ಎಂದು ಹೆಸರಿಟ್ಟರು. ಆರಿಸಿ ಬಂದವಳ ಬದಲು ಗಂಡನೋ ಮಾವನೋ ಮೈದುನನೋ ಸಭೆಯಲ್ಲಿ ಕೂತರೆ ಸಭೆ ರದ್ದು; ಕೂತವನಿಗೂ ಶಿಕ್ಷೆ, ಅದನ್ನು ನೋಡಿ ಸುಮ್ಮನೆ ಹಾಜರಿ ಬರೆದ ಅಧಿಕಾರಿಗೂ ಶಿಕ್ಷೆ. ಇದರಲ್ಲಿ ಅರ್ಥವಾಗದಿರುವುದು ಏನಿದೆ? ನಮ್ಮ ಏಳನೇ ತರಗತಿ ಮಕ್ಕಳಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಸಂಸತ್ತಿಗೆ ಹದಿನಾಲ್ಕು ವರ್ಷ ಅರ್ಥವಾಗಲಿಲ್ಲ. ಸದಸ್ಯರ ಖಾಸಗಿ ಮಸೂದೆಗಳಿಗೆ ಇದ್ದದ್ದು ಶುಕ್ರವಾರದ ಮಧ್ಯಾಹ್ನ. ಆ ಹೊತ್ತಿಗೆ ಅರ್ಧ ಸದನ ಊರಿನ ವಿಮಾನ ಹಿಡಿದಿರುತ್ತಿತ್ತು. ಏಳು ಸಲ ಮಂಡಿಸಿದರು, ಏಳು ಸಲವೂ ಸಾಕಷ್ಟು ಜನರಿಲ್ಲವೆಂದೋ ಹೊತ್ತು ಮುಗಿಯಿತೆಂದೋ ಬಿದ್ದುಹೋಯಿತು.

ಎಂಟನೇ ಸಲ, 2069ರಲ್ಲಿ, ಅದು ಮತಕ್ಕೆ ಬಂತು. ಹಿಂದಿನ ದಿನ ಅವರದೇ ಪಕ್ಷದ ಮುಖಂಡರು ಕರೆದು, ಹಿಂದೆ ತೆಗೆದುಕೊಳ್ಳಿ, ಮಂತ್ರಿ ಮಾಡುತ್ತೇವೆ ಎಂದರು. ನಮ್ಮ ಅರ್ಧ ಕಾರ್ಯಕರ್ತರು ಹೆಂಡತಿಯರ ಕುರ್ಚಿಯಲ್ಲೇ ಕೂತಿದ್ದಾರೆ, ಅವರನ್ನು ಎಬ್ಬಿಸಿದರೆ ಪಕ್ಷ ಉಳಿಯುತ್ತದೆಯೇ ಎಂದೂ ಕೇಳಿದರು. ಶಾಕಂಬರಿ ಒಪ್ಪಲಿಲ್ಲ. ಮಸೂದೆ ಬಿಟ್ಟುಬಿಡೋಣವೆಂಬ ಆಸೆ ಒಂದು ಗಳಿಗೆ ಬಂದಿತ್ತು ಎಂದು ಗಂಡನಿಗೆ ಮಾತ್ರ ಹೇಳಿದ್ದರಂತೆ.

ಮರುದಿನ ಮತದ ಹೊತ್ತಿಗೆ ಸದನದಿಂದ ಹೊರನಡೆಯಿರಿ ಎಂದು ಪಕ್ಷದ ಆದೇಶ ಬಂತು. ಪಕ್ಕದಲ್ಲಿ ಕೂತಿದ್ದವರು ಕರಾವಳಿಯ ಸಂಸದೆ ಶುಭದಾ ಕಾಮತ್, ದಿಲ್ಲಿಯಲ್ಲಿ ಹತ್ತು ವರ್ಷ ಒಂದೇ ಮನೆಯಲ್ಲಿದ್ದ ಗೆಳತಿ. ಮಸೂದೆಯ ಅರ್ಧ ಸಾಲುಗಳನ್ನು ತಿದ್ದಿದವರೂ ಅವರೇ. ಅವರು ಎದ್ದು ನಿಂತರು.

"ಬೈಯಬೇಡ ಮಾರಾಯ್ತಿ. ನಾನು ಮತ ಹಾಕಿದ್ರೆ ನನ್ನ ಟಿಕೆಟು ಹೋಗ್ತದೆ."

"ಹೋಗ್ಲಿ ಬಿಡು, ಶುಭದಾ. ಕೂಡು."

"ಮುಂದಿನ ಸಲ ನೋಡುವ."

"ಮುಂದಿನ ಸಲ ನನ್ನ ಇಲ್ಲಿ ಯಾರು ಬಿಡ್ತಾರ?"

ಶುಭದಾ ಹೋದರು. ಅವರ ಹಿಂದೆ ಪಕ್ಷದ ಹನ್ನೊಂದು ಹೆಂಗಸರು ಹೋದರು. ಮಸೂದೆ ಒಂಬತ್ತು ಮತದಿಂದ ಸೋತಿತು. ಹೋದವರನ್ನು ಎಣಿಸಿ ನೋಡಿ. ನಾನು ಎಷ್ಟು ಸಲ ಎಣಿಸಿದ್ದೇನೋ! ಆ ದಿನದ ಸುದ್ದಿಯಲ್ಲಿ ಉಳಿದಿರುವುದು ಶಾಕಂಬರಿ ಕಣ್ಣೊರೆಸಿಕೊಂಡ ಚಿತ್ರ ಒಂದೇ. ಏಕೆ ಒರೆಸಿಕೊಂಡರು ಎಂದು ಒಬ್ಬರೂ ಬರೆದಿಲ್ಲ.

ಪಕ್ಷ ಅವರನ್ನು ಹೊರಹಾಕಿತು. ಎರಡು ವರ್ಷದ ನಂತರ, ಐವತ್ತೈದನೇ ವಯಸ್ಸಿನಲ್ಲಿ, ಅವರು ನೂಲಿನಾಳದ ಪಂಚಾಯಿತಿಗೇ ಮತ್ತೆ ನಿಂತರು. ದಿಲ್ಲಿಯಿಂದ ಹಳ್ಳಿಗೆ ಬಿದ್ದವಳೆಂದು ಜನ ನಕ್ಕರು. ಅವರು ಗೆದ್ದು, ಸದಸ್ಯರು ಖುದ್ದಾಗಿ ಬರದ ಸಭೆಗೆ ಬೀಗ ಎಂಬ ಠರಾವನ್ನು ಆ ಒಂದೇ ಊರಿಗೆ ಪಾಸು ಮಾಡಿಸಿದರು. ಪಕ್ಕದ ಊರವರು ಬಂದು ನೋಡಿ ತಮ್ಮಲ್ಲೂ ಮಾಡಿಕೊಂಡರು. ಇಪ್ಪತ್ತು ವರ್ಷದಲ್ಲಿ ಮುನ್ನೂರು ಪಂಚಾಯಿತಿಗಳು. 2101ರಲ್ಲಿ ಸಂಸತ್ತು ಅದನ್ನೇ ದೇಶದ ಕಾನೂನು ಮಾಡಿತು. ಆಗ ಶಾಕಂಬರಿ ತೀರಿಕೊಂಡು ಏಳು ವರ್ಷ. ಮಂಡಿಸಿದ ಮಂತ್ರಿ ಮಹಾಶಯರು ಕಾನೂನಿಗೆ ತಮ್ಮ ತಂದೆಯ ಹೆಸರಿಟ್ಟರು. ಶಾಕಂಬರಿಯವರ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಇದನ್ನು ಮಕ್ಕಳಿಗೆ ನಾನು ಯಾವ ಮುಖ ಇಟ್ಟುಕೊಂಡು ಹೇಳಲಿ?

ಬದುಕಿನ ಕೊನೆಯ ವರ್ಷವೂ ಶಾಕಂಬರಿ ಪಂಚಾಯಿತಿ ಸದಸ್ಯೆಯೇ, ಆದರೆ ಮೊಣಕಾಲು ನೋವು ಏಳಲು ಬಿಡಲಿಲ್ಲ. ಸಭೆಯ ದಿನ ಸೊಸೆ ಮಲ್ಲಮ್ಮ ತಯಾರಾಗಿ ಬಂದು ನಿಂತಳು. "ಅತ್ತೀ, ಇವತ್ತೊಂದಿನ ನಿಮ್ ಬದಲಿ ನಾ ಹೋಗಿ ಬರ್ತೀನಿ. ನೀವೇನ್ ಹೇಳ್ತೀರಿ ಅದನ್ನ ಹೇಳ್ತೀನಿ."

ಶಾಕಂಬರಿ ಕಾಗದ ತರಿಸಿ, ಅಲ್ಲೇ ಹಾಸಿಗೆಯ ಮೇಲೆ ರಾಜೀನಾಮೆ ಬರೆದು ಅವಳ ಕೈಗಿಟ್ಟರು. "ಇದನ್ನ ಕೊಟ್ಟು ಬಾ. ಚುನಾವಣಾ ಬರ್ತೈತಿ. ನೀನ ನಿಲ್ಲು. ನನ್ ಮಾತು ಬ್ಯಾಡ, ನಿನ್ ಮಾತು ಹೇಳು."

ಮಲ್ಲಮ್ಮ ನಿಂತು ಗೆದ್ದಳು. ಮೊದಲ ಸಭೆಯಲ್ಲೇ ಅತ್ತೆ ತಂದಿದ್ದ ಎರಡು ಠರಾವುಗಳನ್ನು ವಿರೋಧಿಸಿದಳು. ಕೇಳಿ ಶಾಕಂಬರಿ ಬಿದ್ದು ಬಿದ್ದು ನಕ್ಕರಂತೆ.

ಹಿರಿಯರೇ, ನಿಮ್ಮನ್ನು ಬೇಡುವುದು ಇಷ್ಟೇ. ಈ ವಾರ ನಿಮ್ಮೂರ ಪಂಚಾಯಿತಿಗೆ ಹೋಗಿ, ಯಾರ ಕುರ್ಚಿಯಲ್ಲಿ ಯಾರು ಕೂತಿದ್ದಾರೆಂದು ನೋಡಿ. ನೋಡಿದ್ದನ್ನು ಬರೆದಿಡಿ. ಅಲ್ಲೊಬ್ಬ ಹೆಂಗಸು ಎದ್ದು ಮಾತಾಡಿದರೆ, ದಯವಿಟ್ಟು, ಅವಳ ಮಾತು ಮುಗಿಯುವ ತನಕ ಆಡಲು ಬಿಡಿ.

ಇಂತಿ,
ಗೌರಸವ್ವ ದೋಟಿಹಾಳ
ಧ್ವನಿಪಾಲಕಿ