ಏಳನೆಯ ಪೀಪಾಯಿ

ಫೆಬ್ರವರಿ 4, ಮಂಗಳವಾರ

ಪೀಪಾಯಿ ತುಂಬುವ ದಿನ. ಮರ ವಾರವಾರವೂ ಒಂದಿಷ್ಟು ವೈನ್ ಕುಡಿದುಬಿಡುತ್ತದೆ, ಅಷ್ಟನ್ನು ಮತ್ತೆ ಸುರಿಯಬೇಕು. ನಲವತ್ತೊಂದು ಪೀಪಾಯಿ. ಬೆನ್ನು ಹೋಯಿತು. ಆದರೂ ಶಾಲೆಯ ಬೆಂಚಿಗಿಂತ ವಾಸಿ. ಬಿಟ್ಟು ಎರಡು ವರ್ಷ, ನನಗೆ ಬೇಸರವಿಲ್ಲ. ಸೊಲಾಂಜ್ ಅತ್ತೆಗೆ ಇದೆ. "ಮೈಲಿಸ್ ಕೂತಲ್ಲಿ ಕೂರೋಳಲ್ಲ, ಬಾಯಿ ಮುಚ್ಚೋಳೂ ಅಲ್ಲ" ಅಂತ ನನ್ನ ಬಗ್ಗೆ ಹೇಳುತ್ತಾರೆ. ಸುಳ್ಳೇನಲ್ಲ.

ಜನವರಿಯ ಜ್ವರದ ನಂತರ ತಾತ ಇವತ್ತು ಮೊದಲ ಸಲ ನೆಲಮಾಳಿಗೆಗೆ ಇಳಿದರು. ಊಟಕ್ಕೆ ಎಲೆಕೋಸಿನ ಸೂಪು. ತಳದಲ್ಲಿ ಉಳಿದದ್ದಕ್ಕೆ ಕೆಂಪು ವೈನ್ ಸುರಿದು, ಬಟ್ಟಲೆತ್ತಿ ಕುಡಿದರು, ಎಂದಿನಂತೆ. ಮೂಸಲಿಲ್ಲ. ಅದು ಮಾತ್ರ ಎಂದಿನಂತಲ್ಲ.

ಫೆಬ್ರವರಿ 18

ಆರಿಸುವ ದಿನ. ತಾತ ಸೀಮೆಸುಣ್ಣದಲ್ಲಿ ಗುರುತು ಹಾಕಿದ ಪೀಪಾಯಿಗಳು ಮನೆತನದ ಹೆಸರಿನ ಬಾಟಲಿಗೆ. ಉಳಿದವು ಹೆಸರಿಲ್ಲದೆ ಸಗಟು ಮಾರಾಟಕ್ಕೆ. ಐವತ್ತು ವರ್ಷ ಆ ಸುಣ್ಣವನ್ನು ಬೇರೆ ಯಾರೂ ಮುಟ್ಟಿಲ್ಲ. ಅವರು ಮುಗಿಸುವವರೆಗೆ ಯಾರೂ ಮಾತಾಡುವಂತಿಲ್ಲ. ಇದ್ದವರು ಅತ್ತೆ, ದಲ್ಲಾಳಿ ಕಸ್ತೇರಾ, ನಾನು.

ಏಳನೆಯ ಪೀಪಾಯಿ. ಲೋಟ ಮೂಗಿಗೆ ಹಿಡಿದೆ... ಕುದುರೆ ಲಾಯ. ಪೂರ್ತಿ ಕೆಟ್ಟಿದೆ. ತಾತ ಕಣ್ಣು ಮುಚ್ಚಿ, ಬಾಯಲ್ಲಿ ಆಡಿಸಿ, ಉಗುಳಿ, ಗುರುತು ಹಾಕಿದರು.

"ತಾತ, ಇದು ಲಾಯ ನಾರ್ತಿದೆ."

"ಸುಮ್ನಿರೇ," ಅತ್ತೆ ಗದರಿದರು.

"ನೀವೇ ಮೂಸಿ ಅತ್ತೆ. ತಾತಂಗೆ ವಾಸನೆನೇ ಗೊತ್ತಾಗ್ತಿಲ್ಲ. ಜ್ವರ ಬಂದಾಗ್ಲಿಂದ."

ಅತ್ತೆ ಮೂಸಿದರು. ಕಸ್ತೇರಾ ತಮ್ಮ ಬೂಟು ನೋಡಿಕೊಂಡರು. ತಾತ ಸುಣ್ಣವನ್ನು ಪೀಪಾಯಿಯ ಮೇಲಿಟ್ಟು, ಟೋಪಿ ಹಾಕಿಕೊಂಡು, ಮೆಟ್ಟಿಲು ಹತ್ತಿ ಹೋದರು.

ನಿಜವನ್ನೇ ಹೇಳಿದೆ.

ಫೆಬ್ರವರಿ 19

ನಿಜವನ್ನೇ ಹೇಳಿದೆ. ಎಲ್ಲರೂ ಹೋದ ಮೇಲೆ ಆ ಗುರುತನ್ನು ತೋಳಿನಿಂದ ಒರೆಸಿದ್ದರೆ ಮುಗಿಯುತ್ತಿತ್ತು. ತಾತನ ಕಿವಿಯಲ್ಲಿ ಹೇಳಬಹುದಿತ್ತು. ಹೊಳೆಯಲೇ ಇಲ್ಲ.

ಮಾರ್ಚ್ 11

ಲಿಬೂರ್ನ್ ಪಟ್ಟಣದಿಂದ ವೈನ್ ಪರಿಣತನೊಬ್ಬ ಬಂದ. ಮೂವತ್ತು ದಾಟಿರಲಿಕ್ಕಿಲ್ಲ. ಸುಣ್ಣ ಅವನ ಕೈಗೆ ಹೋಯಿತು. ಕೊಟ್ಟದ್ದು ಅತ್ತೆಯೇ. ಏಳನೆಯದನ್ನು ಅವನೂ ತಳ್ಳಿಹಾಕಿದ. ನಾನು ಹೇಳಿದ್ದು ಸರಿಯಂತೆ. ಏನೂ ಖುಷಿಯಾಗಲಿಲ್ಲ.

ತಾತ ಮೂರು ವಾರದಿಂದ ಕೆಳಗಿಳಿದಿಲ್ಲ. ತಟ್ಟೆ ತರಲು ಹೋದೆ.

"ಬಾತುಕೋಳಿ ಹೇಗಿತ್ತು ತಾತ?"

"ಬಿಸಿ ಇತ್ತು."

ಏಪ್ರಿಲ್ 27, ಮಧ್ಯಾಹ್ನ

ಇವತ್ತಿಗೆ ನನಗೆ ಹತ್ತೊಂಬತ್ತು. ಅತ್ತೆ ಪೇಟೆಗೆ ಹೋಗಿದ್ದಾರೆ. ತಾತ ಧೂಳು ಹಿಡಿದ ಬಾಟಲಿ ತಂದು ಮೇಜಿನ ಮೇಲಿಟ್ಟರು. ನಾನು ಹುಟ್ಟಿದ ವರ್ಷದ್ದು, ಅವರೇ ಆರಿಸಿದ್ದು. ಒಂದೇ ಒಂದು ಉಳಿಸಿದ್ದರಂತೆ.

"ಇದಕ್ಕೆ ಗುರುತು ಹಾಕೋವಾಗ ನೀನು ತೊಟ್ಟಿಲಲ್ಲಿದ್ದೆ. ಆಗ್ಲೂ ಬಾಯಿ ಮುಚ್ತಿರ್ಲಿಲ್ಲ."

ತಾತ ನನ್ನ ಜೊತೆ ನಕ್ಕು ಎಷ್ಟು ದಿನವಾಗಿತ್ತು.

ಬಿರಡೆ ತೆಗೆದೆ. ನೆನೆದ ರಟ್ಟಿನ ವಾಸನೆ. ಬಿರಡೆ ಕೆಟ್ಟಿತ್ತು, ಒಳಗಿನ ವೈನೂ ಸತ್ತಿತ್ತು.

"ಹೇಗಿದೆ, ಹೇಳು. ನೀನಾದ್ರೆ ಇದ್ದದ್ದು ಇದ್ದಂಗೆ ಹೇಳ್ತೀಯ."

"ಪ್ಲಮ್ ಹಣ್ಣು ತಾತ... ಆಮೇಲೆ ಒದ್ದೆ ಮಣ್ಣು. ಸ್ವಲ್ಪ ಹೊಗೆ."

ಕಣ್ಣು ಮುಚ್ಚಿದರು. "ಹೊಗೆ. ಹೂಂ. ಆ ವರ್ಷದ್ದಕ್ಕೆ ಹೊಗೆ ಇತ್ತು." ಲೋಟ ಖಾಲಿ ಮಾಡಿದರು. ಇನ್ನೊಂದು ಕೇಳಿದರು, ಸುರಿದೆ.

"ನಿಂದು ಹಾಗೇ ಇದೆಯಲ್ಲೇ?"

ಎತ್ತಿ ಕುಡಿದೆ. ಕೊನೆಯ ಹನಿಯವರೆಗೂ, ಅವರು ನೋಡುತ್ತಿರುವಾಗಲೇ.

ತಾತ ಈಗ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಾರೆ. ಮುಖ ಹಗುರಾಗಿದೆ. ಇದನ್ನು ಫೆಬ್ರವರಿಯಲ್ಲೇ ಕಲಿತಿದ್ದರೆ...

ಗೇಟಿನ ಹತ್ತಿರ ಅತ್ತೆಯ ಕಾರು. ಬಂದವರೇ ಬಾಟಲಿ ಎತ್ತಿ ಮೂಸುತ್ತಾರೆ, ಅವರ ಅಭ್ಯಾಸವೇ ಅದು. ಬಾಟಲಿ ಇನ್ನೂ ಮೇಜಿನ ಮೇಲೆಯೇ—