ವಿಂಚಿಗೆ ಕಟ್ಟಿದ ನಿಂಬೆಹಣ್ಣು

ಆಷಾಢದ ಮಳೆ, ಬೆಳಿಗ್ಗೆ ಆರು ಗಂಟೆ.

ಮೌನೇಶ, ನಿನ್ನನ್ನು ಎಬ್ಬಿಸಲಿಲ್ಲ. ರೊಟ್ಟಿ ಡಬ್ಬಿಯಲ್ಲಿವೆ.

ಇವತ್ತು ಜೀಪಿಗೆ ಬ್ಯಾಟರಿ ತರಲು ಬೈಕಿನ ಮೇಲೆ ಹೋಗು. ಹಗುರವಾಗಿದೆ, ನೀಲಿ ದೀಪ ಹತ್ತುತ್ತದೆ ಎಂದು ಅಂಗಡಿಯವನು ತೋರಿಸಿದ ಒಂದನ್ನೇ ಹೊತ್ತು ತರಬೇಡ. ಇಂಜಿನ್ನಿಗೆ ಒಂದು, ಹಗ್ಗ ಸುತ್ತಿ ಎಳೆಯುವ ಮುಂದಿನ ಹಿಂದಿನ ಎರಡೂ ವಿಂಚಿಗೆ ಬೇರೆ ದೊಡ್ಡದೊಂದು. ವಿಂಚಿನದು ಬರಿದಾದರೂ ಜೀಪು ಚಾಲೂ ಆಗಬೇಕು.

ಹೋದ ವಾರ ನೀನು ಲೋಣಾವಳಾ ಘಾಟಿಯಲ್ಲಿ ಕೆಸರಿಗೆ ಸಿಕ್ಕ ಕಾರನ್ನು ಎಳೆಯಲು ಹೋದೆ. ಇದ್ದ ಒಂದೇ ಬ್ಯಾಟರಿಯನ್ನು ವಿಂಚೇ ಕುಡಿದು ಮುಗಿಸಿತು. ಕಾರನ್ನೂ ಜೀಪನ್ನೂ ಎತ್ತುಗಳು ಎಳೆದವು. ಮನೆಗೆ ಬಂದು, "ಯಾರದೋ ದೃಷ್ಟಿ ಆಗೇದ, ಅಜ್ಜಿ" ಎಂದು ವಿಂಚಿನ ಕೊಕ್ಕೆಗೆ ನಿಂಬೆಹಣ್ಣು ಕಟ್ಟಿದೆ. ಆ ಎತ್ತುಗಳಿಗೆ ಯಾರೂ ಕಟ್ಟಿರಲಿಲ್ಲ. ಕಟ್ಟಡದ ಕೆಲಸದಲ್ಲಿ ಇಪ್ಪತ್ತು ವರ್ಷ ವಿಂಚಿನ ಬುಟ್ಟಿ ತುಂಬಿದವಳು ನಾನು. ಅದು ಕರೆಂಟು ಬಿಟ್ಟು ಶರಬತ್ತು ಕುಡಿದದ್ದನ್ನು ನೋಡಿಲ್ಲ.

ಭಾನುವಾರ ಹೆಂಡತಿ ಆರತಿಯನ್ನೂ ಕೂಸನ್ನೂ ಅದೇ ಘಾಟಿಗೆ ಕರೆದೊಯ್ಯುತ್ತೀಯಂತೆ. ಮಳೆಯಲ್ಲಿ ಜೀಪು ನಿಂತರೆ ಕೂಸನ್ನು ನಿಂಬೆಹಣ್ಣು ಎತ್ತಿಕೊಳ್ಳುವುದಿಲ್ಲ.

ನಾನು ಕುರಕುಂಭಕ್ಕೆ, ನಿನ್ನ ಸೋದರತ್ತೆಯ ಮನೆಗೆ ಹೋಗುತ್ತೇನೆ. ಎರಡೂ ಬ್ಯಾಟರಿ ಕೂರಿಸಿ ಫೋಟೋ ಕಳಿಸು, ಬರುತ್ತೇನೆ.

ಬುಧವಾರ ಹೊರಟವರು: ಅಜ್ಜಿ ಮರೆಮ್ಮ, ಅವಳ ಸೆರಗಿನ ಗಂಟಿನಲ್ಲಿ ಜೀಪಿನ ಚಾವಿ.